ಪದ ಕಲಿಯದೆ ಪದ್ಯ ದಕ್ಕದು

ಕವಿತೆ ಅರ್ಥವಾಗಬೇಕೆಂದೇನಿಲ್ಲ, ಮನಸ್ಸಿಗೆ ತಟ್ಟಿದರೆ ಸಾಕು ಎಂಬ ಮಾತು ಈಗ ಕನ್ನಡದ ಸಾಹಿತ್ಯ ವಲಯದಲ್ಲಿ ಹೆಚ್ಚುಕಡಿಮೆ ಸರ್ವಸಮ್ಮತವಾಗಿಬಿಟ್ಟಿದೆ. ಕವಿಗೋಷ್ಠಿಯ ಅಧ್ಯಕ್ಷರು ಇದನ್ನು ಹೇಳುತ್ತಾರೆ, ಪಠ್ಯಪುಸ್ತಕದ ಚರ್ಚೆಗಳಲ್ಲಿ ಇದು ಕೇಳಿಬರುತ್ತದೆ, ಹಳಗನ್ನಡದ ಪಾಠಗಳನ್ನು ಕಡಿಮೆ ಮಾಡಿ ಎನ್ನುವವರ ಕೈಯಲ್ಲಿ ಇದೇ ಆಯುಧ. ಇದರ ಬೆನ್ನಿಗೇ ಇನ್ನೆರಡು ಮಾತುಗಳು ಬರುತ್ತವೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದರೆ ರಸ ಆರಿಹೋಗುತ್ತದೆ ಎಂಬುದು ಒಂದು. ಕಷ್ಟದ ಪದ ಪಂಡಿತರ ಸೊತ್ತು, ಜನಸಾಮಾನ್ಯರ ಮೇಲೆ ಅದನ್ನು ಹೇರಬೇಡಿ ಎಂಬುದು ಇನ್ನೊಂದು.

ಮೂರನ್ನೂ ಕೂಡಿಸಿದರೆ ಸಿಗುವ ನಿಲುವು ಇಷ್ಟು: ಅಪರೂಪದ, ಕಾವ್ಯದಲ್ಲಿ ಮಾತ್ರ ಕಾಣುವ ಪದಗಳನ್ನು ಕೂತು ಕಲಿಯುವುದು ವ್ಯರ್ಥ ಶ್ರಮ. ನನ್ನ ಪ್ರಕಾರ ಇದು ತಪ್ಪು ಮಾತ್ರವಲ್ಲ, ಹಾನಿಕರವೂ ಹೌದು. ಹಾನಿ ಪಂಡಿತರಿಗಂತೂ ಅಲ್ಲ, ಅವರಿಗೆ ಪದ ಗೊತ್ತಿದೆ. ಯಾರ ಹೆಸರಿನಲ್ಲಿ ಈ ವಾದ ಹೂಡುತ್ತಾರೋ ಅವರಿಗೇ ಹಾನಿ. ಮನೆಯಲ್ಲಿ ಪುಸ್ತಕದ ಕಪಾಟಿಲ್ಲದ, ಕಾವ್ಯವೆಂದರೆ ಶಾಲೆಯಲ್ಲಿ ಸಿಕ್ಕಷ್ಟೇ ಎನ್ನುವ ಮಕ್ಕಳಿಗೆ ಹಾನಿ.

ತಟ್ಟಿದರೆ ಸಾಕು ಎಂಬುದನ್ನೇ ಮೊದಲು ನೋಡೋಣ. ಪಂಪ ತನ್ನ ವಿಕ್ರಮಾರ್ಜುನ ವಿಜಯವನ್ನು ಮುಗಿಸಿದ್ದು ಕ್ರಿ.ಶ. 941ರಲ್ಲಿ. ಅದರಲ್ಲಿ ಬನವಾಸಿಯನ್ನು ನೆನೆಯುವ ಪದ್ಯಗಳು ಇವತ್ತಿಗೂ ಕನ್ನಡಿಗರ ನಾಲಿಗೆಯ ಮೇಲಿವೆ. ರಾಜ್ಯೋತ್ಸವದ ವೇದಿಕೆಯಲ್ಲಿ ಅವುಗಳಲ್ಲೊಂದು ಸಾಲು ಕೇಳದ ವರ್ಷವಿಲ್ಲ. ಕೇಳಿದವರಿಗೆ ಮೈ ಜುಮ್ಮೆನ್ನುತ್ತದೆ; ಅದು ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ಯಾರು ತಡೆದರೂ ನನ್ನ ಮನಸ್ಸು ಬನವಾಸಿಯನ್ನೇ ನೆನೆಯುತ್ತದೆ ಎನ್ನುವ ಆ ಸಾಲಿನಲ್ಲಿ ‘ಅಂಕುಸ’ ಎಂಬ ಒಂದು ಪದವಿದೆ. ಸಂಸ್ಕೃತದ ‘ಅಂಕುಶ’ ಕನ್ನಡದ ಬಾಯಿಗೆ ಹೊಂದಿಕೊಂಡು ‘ಅಂಕುಸ’ವಾಯಿತು. ಆನೆಯನ್ನು ಹದ್ದಿನಲ್ಲಿಡಲು ಮಾವುತ ಹಿಡಿಯುವ ಕೊಕ್ಕೆಯ ಆಯುಧ ಅದು. ಆ ಸಾಲಿನಲ್ಲಿ ಆನೆ ಎಂಬ ಮಾತೇ ಇಲ್ಲ, ಮನಸ್ಸು ಆನೆಯಂತೆ ಎಂದು ಕವಿ ಹೋಲಿಸಿಯೂ ಇಲ್ಲ. ಆ ಒಂದು ಆಯುಧದ ಹೆಸರಿನಿಂದಲೇ ಮನಸ್ಸು ಮದವೇರಿದ ಆನೆಯಾಗುತ್ತದೆ, ತಡೆಯಲು ಬಂದವರು ಮಾವುತರಾಗುತ್ತಾರೆ, ಬನವಾಸಿ ಆ ಆನೆ ಹುಟ್ಟಿ ಬೆಳೆದ ಕಾಡಾಗುತ್ತದೆ. ಅಂಕುಸ ಎಂದರೇನು ಎಂದು ಗೊತ್ತಿಲ್ಲದವನಿಗೆ ತಟ್ಟುವುದು ಊರಿನ ಮೇಲಿನ ಅಭಿಮಾನ. ಅಭಿಮಾನ ಒಳ್ಳೆಯದೇ. ಅದನ್ನು ಬಾವುಟವೂ ಕೊಡುತ್ತದೆ, ಘೋಷಣೆಯೂ ಕೊಡುತ್ತದೆ. ಆ ಆನೆಯನ್ನು ಕೊಡಬಲ್ಲವನು ಪಂಪ ಮಾತ್ರ, ಮತ್ತು ಅದು ಇರುವುದು ಆ ಪದದೊಳಗೆ.

ತಟ್ಟುವಿಕೆಯ ವಾದಕ್ಕೆ ಕೆಲವರು ಟಿ.ಎಸ್. ಎಲಿಯಟ್‌ನ ಆಸರೆ ಪಡೆಯುತ್ತಾರೆ. ನಿಜವಾದ ಕಾವ್ಯ ಅರ್ಥವಾಗುವುದಕ್ಕೆ ಮುನ್ನವೇ ನಮ್ಮನ್ನು ಮುಟ್ಟಬಲ್ಲದು ಎಂದು ಆತ 1929ರಲ್ಲಿ ಡಾಂಟೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಹೇಳಿದ್ದು ಹೌದು. ಆದರೆ ಆತ ಹೇಳಿದ್ದು ಅರ್ಥಕ್ಕೆ ಮುನ್ನ ಎಂದು, ಅರ್ಥಕ್ಕೆ ಬದಲು ಎಂದಲ್ಲ. ಮೊದಲ ಮುಟ್ಟುವಿಕೆ ಒಂದು ಕರೆ. ಕರೆದಲ್ಲಿಗೆ ಹೋಗಬೇಕಾದ್ದು ಓದುಗನ ಕೆಲಸ. ಎಲಿಯಟ್ ಹೋದ. ಡಾಂಟೆಯ ಇಟಾಲಿಯನ್ನನ್ನು ಪಕ್ಕದಲ್ಲಿ ಗದ್ಯಾನುವಾದ ಇಟ್ಟುಕೊಂಡು ಬಿಡಿಸಿ ಬಿಡಿಸಿ ಓದಿದ. ಕರೆಯನ್ನಷ್ಟೇ ಕೇಳಿ ಮನೆಯಲ್ಲೇ ಕೂತವರು ಆತನ ಹೆಸರು ಹೇಳುವುದು ನ್ಯಾಯವಲ್ಲ.

ಸಂದರ್ಭ ನೋಡಿ ಊಹಿಸಬಹುದಲ್ಲ, ಪ್ರತಿ ಪದಕ್ಕೂ ನಿಘಂಟೇಕೆ ಎಂದು ಕೇಳುತ್ತಾರೆ. ಪೂರ್ತಿ ಅಪರಿಚಿತವಾದ ಪದ ಎದುರಾದರೆ ಊಹೆ ಸ್ವಲ್ಪ ಕೆಲಸ ಮಾಡೀತು. ಗೊತ್ತಿಲ್ಲ ಎಂಬ ಎಚ್ಚರವಾದರೂ ಅಲ್ಲಿರುತ್ತದೆ. ಓದುಗನನ್ನು ಹಳ್ಳಕ್ಕೆ ಕೆಡವುವುದು ಗೊತ್ತಿದೆ ಎಂದು ಅನ್ನಿಸುವ ಪದ. ಹಳಗನ್ನಡದಲ್ಲಿ ‘ಬೇಟ’ ಎಂದರೆ ಪ್ರೇಮ. ಕಾಡಿನ ನಡುವೆ ಬಿಲ್ಲು ಹಿಡಿದು ನಿಂತ ವೀರನಿಗೆ ಬೇಟ ಹುಟ್ಟಿತು ಎಂದು ಒಂದು ವಾಕ್ಯವಿದ್ದರೆ, ಸಂದರ್ಭ ನೋಡಿ ಊಹಿಸುವವನು ಬೇಟೆ ಎಂದೇ ಓದುತ್ತಾನೆ. ಕಾಡಿದೆ, ಬಿಲ್ಲಿದೆ, ಊಹೆಗೆ ಎಲ್ಲವೂ ಒದಗಿಬಂದಿವೆ. ಪ್ರೇಮದ ಪ್ರಸಂಗ ಅವನ ಪಾಲಿಗೆ ಶಿಕಾರಿಯಾಗುತ್ತದೆ, ತಪ್ಪಿದೆ ಎಂಬ ಅನುಮಾನವೂ ಅವನಿಗೆ ಬರುವುದಿಲ್ಲ. ‘ಕೂರ್’ ಎಂದರೆ ಪ್ರೀತಿಸು; ಇಂದಿನವರು ಕುಳಿತುಕೊಳ್ಳುವುದು ಎಂದುಕೊಳ್ಳುತ್ತಾರೆ. ‘ಬಗೆ’ ಎಂದರೆ ಮನಸ್ಸು, ಆಲೋಚನೆ. ಇಂದಿನವರು ವಿಧ ಎಂದುಕೊಳ್ಳುತ್ತಾರೆ. ‘ಬಾಳ್’ ಎಂದರೆ ಕತ್ತಿ. ಹಲ್ಮಿಡಿ ಶಾಸನದ ‘ಬಾಳ್ಗೞ್ಚು’ ಕತ್ತಿ ತೊಳೆದು ಕೊಡುವ ದಾನ. ಬದುಕು ಎಂಬ ಅರ್ಥದ ಪದ ‘ಬಾೞ್’, ಅದರ ಕೊನೆಯ ಅಕ್ಷರವೇ ಬೇರೆ. ಆ ಅಕ್ಷರ ಬಳಕೆಯಿಂದ ಬಿದ್ದುಹೋದ ಮೇಲೆ ಕತ್ತಿ ಮತ್ತು ಬದುಕು ಕಣ್ಣಿಗೆ ಒಂದೇ ಆದವು. ಈ ಗೊಂದಲ ಬರುತ್ತದೆಂದು 13ನೆಯ ಶತಮಾನದಲ್ಲೇ ಕಂಡ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ೞ ಇರುವ ಪದಗಳನ್ನು ಪಟ್ಟಿ ಮಾಡಿ ಕೊಟ್ಟ. ಏಳುನೂರು ವರ್ಷಗಳ ಹಿಂದಿನ ಓದುಗನಿಗೇ ಪಟ್ಟಿ ಬೇಕಾಗಿತ್ತು ಎಂದರೆ ಇಂದಿನವನಿಗೆ ಊಹೆ ಸಾಕು ಎನ್ನುವುದು ಯಾವ ಧೈರ್ಯ?

ವಚನಗಳ ಮಾತು ತೆಗೆಯುವವರಿದ್ದಾರೆ. ವಚನ ಸರಳ, ಅದಕ್ಕೆ ನಿಘಂಟು ಬೇಕಿಲ್ಲ, ಕನ್ನಡ ಕಾವ್ಯ ಹಾಗಿರಬೇಕು ಎನ್ನುತ್ತಾರೆ. ವಚನದ ವಾಕ್ಯ ನೇರ, ಒಪ್ಪಿದೆ. ಆದರೆ ಪದ? ಇವತ್ತಿನ ವಿದ್ಯಾರ್ಥಿಗೆ ‘ಸ್ಥಾವರ’ ಎಂದರೆ ಕೈಗಾದ ಅಣು ವಿದ್ಯುತ್ ಸ್ಥಾವರ. ‘ಜಂಗಮ’ ಎಂದರೆ ಜಂಗಮವಾಣಿ, ಇಲ್ಲವೇ ಒಂದು ಜಾತಿಯ ಹೆಸರು. ‘ಬಯಲು’ ಎಂದರೆ ಊರಾಚೆಯ ಖಾಲಿ ಜಾಗ. ಬಸವಣ್ಣನವರಲ್ಲಿ ಸ್ಥಾವರವೆಂದರೆ ನೆಲಕ್ಕೆ ಊರಿ ಅಲುಗದೆ ನಿಂತದ್ದು, ಜಂಗಮವೆಂದರೆ ಚಲಿಸುವ ಚೈತನ್ಯ. ಕಲ್ಲಿನ ಗುಡಿಗೂ ನಡೆದಾಡುವ ದೇಹಕ್ಕೂ ನಡುವೆ ಅವರು ಹೂಡಿದ ವಾದವೆಲ್ಲ ಈ ಎರಡು ಪದಗಳ ಮೇಲೆ ನಿಂತಿದೆ. ಅಲ್ಲಮನ ಬಯಲು ಗಡಿಯಿಲ್ಲದ, ರೂಪವಿಲ್ಲದ ನಿಲುವು. ದಿನಬಳಕೆಯ ಅರ್ಥ ಹಿಡಿದು ಓದಿದವನಿಗೆ ವಚನ ಸುಲಭವಾಗಿ ಮುಗಿಯುತ್ತದೆ, ನಿಜ. ಅವನು ವಚನಕಾರರನ್ನು ಮುಟ್ಟದೆ ಮುಗಿಸಿರುತ್ತಾನೆ.

ಮುಂದಿನದು ಸಾರಾಂಶದ ವಾದ. ಹೊಸಗನ್ನಡ ಗದ್ಯದಲ್ಲಿ ಕಥೆ ಸಿಗುತ್ತದೆ, ತಿರುಳು ಅಲ್ಲೇ ಇದೆ, ಮೂಲದ ಪದಗಳು ಬರೀ ಅಲಂಕಾರ ಎಂಬುದು ಇದರ ಹೂರಣ. ಕುಮಾರವ್ಯಾಸನನ್ನು ತೆಗೆದುಕೊಳ್ಳಿ. ಯುದ್ಧ ಎನ್ನಲು ಅವನ ಕೈಯಲ್ಲಿ ಹತ್ತಾರು ಮಾತುಗಳಿವೆ: ಬವರ, ಕದನ, ಸಮರ, ಕಾಳಗ, ಅನುವರ, ಆಹವ, ಸಂಗರ, ಧುರ, ರಣ. ಒಂದೇ ಅರ್ಥಕ್ಕೆ ಇಷ್ಟೇಕೆ, ಎಲ್ಲಕ್ಕೂ ಯುದ್ಧ ಎಂದು ಬರೆದರಾಯಿತಲ್ಲ ಎಂದು ಕೇಳುವವರು ಅವನ ಛಂದಸ್ಸಿನ ಕಡೆ ಒಮ್ಮೆ ತಿರುಗಿ ನೋಡಬೇಕು.

ಅವನದು ಭಾಮಿನಿ ಷಟ್ಪದಿ. ಆರು ಸಾಲು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು ಎಂದು ಅದರ ನಡೆ. ಬವರ, ಕದನ, ಸಮರ ಮೂರು ಮಾತ್ರೆಯ ಪದಗಳು. ಕಾಳಗ, ಅನುವರ, ಆಹವ, ಸಂಗರ ನಾಲ್ಕು ಮಾತ್ರೆಯವು. ರಣ, ಧುರ ಎರಡಕ್ಕೆ ಮುಗಿಯುತ್ತವೆ. ಇದರ ಮೇಲೆ ಆದಿಪ್ರಾಸದ ಕಟ್ಟು: ಆರೂ ಸಾಲುಗಳಲ್ಲಿ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು. ಲಘುವಿನಿಂದ ಹೊರಟ ಪದ್ಯದಲ್ಲಿ ಪ್ರಾಸ ವಕಾರವಾದರೆ ಸಾಲಿನ ಮೊದಲಿಗೆ ಬವರ ಬರಬಲ್ಲದು, ದಕಾರವಾದರೆ ಕದನ, ಮಕಾರವಾದರೆ ಸಮರ, ನಕಾರವಾದರೆ ಅನುವರ. ಗುರುವಿನಿಂದ ಹೊರಟು ಪ್ರಾಸ ಳಕಾರವಾದರೆ ಕಾಳಗ. ಒಂದನ್ನು ಕಿತ್ತು ಇನ್ನೊಂದನ್ನು ಇಟ್ಟರೆ ಪದ್ಯದ ನಡಿಗೆ ಅಲ್ಲೇ ಕುಂಟುತ್ತದೆ. ಭೀಮ ಗದೆ ಎತ್ತಿದಾಗ ಕೇಳುವವನ ಉಸಿರು ಏರುವುದು ಈ ಮೂರು-ನಾಲ್ಕರ ನಡಿಗೆಯಿಂದಲೇ. ಸಾರಾಂಶದಲ್ಲಿ ಭೀಮ ಗದೆ ಎತ್ತಿದ ಸುದ್ದಿ ಇರುತ್ತದೆ. ಆ ಉಸಿರು ಇರುವುದಿಲ್ಲ. ಕಥೆಯೇ ಸಾಕು ಎನ್ನುವುದಾದರೆ ಮಹಾಭಾರತದ ಕಥೆ ಕನ್ನಡಿಗರಿಗೆ ಮೊದಲೇ ಗೊತ್ತಿತ್ತು, ಕುಮಾರವ್ಯಾಸ ಬರೆಯಬೇಕಾದ ಅಗತ್ಯವೇ ಇರಲಿಲ್ಲ.

ಈಗ ಗಟ್ಟಿಯಾದ ಆಕ್ಷೇಪಕ್ಕೆ ಬರುತ್ತೇನೆ. ಕಷ್ಟದ ಪದ ಒಂದು ಬೇಲಿ, ಅಕ್ಷರವನ್ನು ತಮ್ಮಲ್ಲೇ ಇಟ್ಟುಕೊಂಡ ಮೇಲುಜಾತಿಯವರು ಉಳಿದವರನ್ನು ಹೊರಗಿಡಲು ಹಾಕಿದ್ದು ಎಂಬ ಮಾತು ಇದು. ಇದರಲ್ಲಿ ಇತಿಹಾಸದ ನೋವಿದೆ, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಪಾಂಡಿತ್ಯದ ದರ್ಪದಿಂದ ಅವಮಾನಗೊಂಡವರು ಈ ನಾಡಿನಲ್ಲಿ ಲೆಕ್ಕವಿಲ್ಲದಷ್ಟಿದ್ದಾರೆ. ಆದರೆ ರೋಗ ಸರಿಯಾಗಿ ಹಿಡಿದವರು ಮದ್ದು ತಪ್ಪಾಗಿ ಕೊಡುತ್ತಿದ್ದಾರೆ. ಅನ್ಯಾಯವಿದ್ದದ್ದು ಪದಗಳನ್ನು ಕೆಲವರೇ ಬಚ್ಚಿಟ್ಟುಕೊಂಡದ್ದರಲ್ಲಿ. ಅದಕ್ಕೆ ಪರಿಹಾರ ಎಲ್ಲರಿಗೂ ಹಂಚುವುದು. ನಿಮಗೆ ಅದು ಬೇಡ, ನಿಮಗೆ ಸರಳವಾದದ್ದು ಸಾಕು ಎಂದು ಬಡವರ ಮನೆಯ ಮಗುವಿಗೆ ಹೇಳಿದರೆ ಹಳೆಯ ಬೇಲಿ ಹಾಗೇ ನಿಲ್ಲುತ್ತದೆ. ಕಾವಲುಗಾರ ಮಾತ್ರ ಬದಲಾಗಿರುತ್ತಾನೆ.

ಕನಕದಾಸರು ಬೇಲಿಯ ಹೊರಗೆ ನಿಲ್ಲಲಿಲ್ಲ. ಕುಮಾರವ್ಯಾಸನ ಅದೇ ಭಾಮಿನಿ ಷಟ್ಪದಿಯನ್ನು ಕೈಗೆತ್ತಿಕೊಂಡು ರಾಮಧಾನ್ಯ ಚರಿತ್ರೆ ಬರೆದರು. ಭತ್ತಕ್ಕೂ ರಾಗಿಗೂ ಯಾರು ದೊಡ್ಡವರು ಎಂಬ ಜಗಳ ಶ್ರೀರಾಮನ ಮುಂದೆ ಹೋಗುತ್ತದೆ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾರೆ, ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಕಥೆ ಎಲ್ಲರಿಗೂ ಗೊತ್ತು. ಆದರೆ ಕಾವ್ಯದಲ್ಲಿ ಅವುಗಳ ಹೆಸರು ನೋಡಿ. ಭತ್ತ ‘ವ್ರೀಹಿ’. ಯಜ್ಞದ, ಮಂತ್ರದ ಭಾಷೆಯಿಂದ ಬಂದ ಹೆಸರು. ರಾಗಿ ‘ನರೆದಲೆಗ’. ನರೆ ಎಂದರೆ ಬಿಳಿಗೂದಲು; ನರೆತ ತಲೆಯವನು ಎಂದು ಅರ್ಥ. ಕಟಾವಿಗೆ ಬಂದ ರಾಗಿ ತೆನೆಯನ್ನು ಹೊಲದಲ್ಲಿ ನಿಂತು ಕಂಡವರಿಗೆ ಆ ಹೆಸರು ಕಣ್ಣೆದುರು ಬರುತ್ತದೆ. ದೇವಭಾಷೆಯ ಹೆಸರು ಹೊತ್ತ ಧಾನ್ಯಕ್ಕೂ ಹೊಲದ ಹೆಸರು ಹೊತ್ತ ಧಾನ್ಯಕ್ಕೂ ನಡೆದ ವಾದ ಅದು. ಈ ಎರಡು ಪದ ಗೊತ್ತಿಲ್ಲದಿದ್ದರೆ ಕನಕದಾಸರ ಹೋರಾಟದ ಅರ್ಧ ಬಲ ಕೈತಪ್ಪುತ್ತದೆ. ದುಡಿಯುವವರ ಅನ್ನದ ಪರವಾಗಿ ಬರೆದ ಕಾವ್ಯವನ್ನು ದುಡಿಯುವವರ ಮಕ್ಕಳಿಗೆ ಅರ್ಧ ಮಾತ್ರ ಕೊಡುವುದು ಯಾವ ಸಾಮಾಜಿಕ ನ್ಯಾಯ?

ಕಷ್ಟವೆಲ್ಲ ಸಂಸ್ಕೃತದಿಂದ ಬಂದದ್ದು, ಅಚ್ಚಗನ್ನಡದಲ್ಲಿ ಬರೆದರೆ ಎಲ್ಲರಿಗೂ ತಿಳಿಯುತ್ತದೆ ಎಂಬ ನಂಬಿಕೆಯೂ ಇದರ ಜೊತೆಗಿದೆ. ಇದಕ್ಕೆ 13ನೆಯ ಶತಮಾನದ ಆಂಡಯ್ಯನೇ ಉತ್ತರ. ಸಂಸ್ಕೃತದ ತತ್ಸಮಗಳನ್ನು ಬಿಟ್ಟು, ದೇಶ್ಯ ಮತ್ತು ತದ್ಭವ ಪದಗಳಲ್ಲೇ ಆತ ಕಬ್ಬಿಗರ ಕಾವ ಬರೆದ. ಇವತ್ತು ಅದನ್ನು ತೆರೆದವರಿಗೆ ಗೊತ್ತು, ಸಂಸ್ಕೃತ ತುಂಬಿದ ಎಷ್ಟೋ ಕಾವ್ಯಗಳಿಗಿಂತ ಅದೇ ಕಠಿಣ. ಸಂಸ್ಕೃತದ ಪದಗಳು ಪತ್ರಿಕೆ, ಆಡಳಿತ, ಪೂಜೆಗಳ ಮೂಲಕ ಹೇಗೋ ಕಿವಿಯ ಮೇಲೆ ಬಿದ್ದಿರುತ್ತವೆ. ನಾವು ಕಳೆದುಕೊಂಡದ್ದು ನಮ್ಮವೇ ಆದ ಪದಗಳನ್ನು.

ಹೊಸಗನ್ನಡದಲ್ಲೂ ಅದೇ ಕಥೆ. ಬೇಂದ್ರೆಯವರನ್ನು ಜನರ ನುಡಿಯ ಕವಿ ಎಂದು ಮೆಚ್ಚುತ್ತೇವೆ. ಆ ಜನ ಧಾರವಾಡದ ಜನ. ಅವರ ಮಾತು ಮೈಸೂರಿನ ಹುಡುಗನಿಗೆ ಕಲಿಯದೆ ಬರುವಂಥದ್ದಲ್ಲ. ಕುವೆಂಪು ಕಾವ್ಯದಲ್ಲಿ ಕಾಜಾಣ, ಪಿಕಳಾರ, ಕಾಮಳ್ಳಿ ಹಾರುತ್ತವೆ. ಮಲೆನಾಡಿನ ದನ ಕಾಯುವ ಹುಡುಗನಿಗೆ ಗೊತ್ತಿದ್ದ ಹೆಸರುಗಳವು. ಇವತ್ತು ಬೆಂಗಳೂರಿನಲ್ಲಿ ಕನ್ನಡ ಎಂ.ಎ. ಮಾಡುವವರಿಗೂ ಅವು ಯಾವುದೋ ಹಕ್ಕಿ ಎಂಬಷ್ಟೇ ತಿಳಿದಿರುತ್ತದೆ. ಅಪರೂಪದ ಪದವೆಂದರೆ ಪಂಡಿತರ ಪದ ಎಂಬ ಸಮೀಕರಣ ಇಲ್ಲಿ ಮುರಿದುಬೀಳುತ್ತದೆ. ಪಿಕಳಾರದ ಕರಿಯ ಜುಟ್ಟು, ಕೆಂಪು ಕೆನ್ನೆ, ಬೇಲಿಯ ಮೇಲೆ ಕೂತು ಬೆಳಗ್ಗೆ ಕೂಗುವ ಅದರ ಉಲ್ಲಾಸ ಗೊತ್ತಿಲ್ಲದೆ ಯಾವುದೋ ಹಕ್ಕಿ ಎಂದು ಓದಿದವರಿಗೆ ಕುವೆಂಪು ಅವರ ಕಾಡು ಮೂಕವಾಗಿಯೇ ಉಳಿಯುತ್ತದೆ.

ಕವಿರಾಜಮಾರ್ಗದ ಪ್ರಸಿದ್ಧ ಮಾತೊಂದನ್ನು ನನ್ನ ಎದುರಾಳಿಗಳು ಖಂಡಿತ ತರುತ್ತಾರೆ. ಪುಸ್ತಕ ಹಿಡಿದು ಓದದೆಯೂ ಈ ನಾಡಿನ ಜನ ಕಾವ್ಯದಲ್ಲಿ ಪರಿಣತರು ಎಂದು 9ನೆಯ ಶತಮಾನದಲ್ಲೇ ಹೇಳಿದೆಯಲ್ಲ, ಹಾಗಿದ್ದರೆ ಪದ ಕಲಿಕೆ ಏಕೆ ಎಂದು. ಆ ಮಾತು ಓದದಿದ್ದವರ ಬಗ್ಗೆ ಇದೆ, ಕಲಿಯದಿದ್ದವರ ಬಗ್ಗೆ ಅಲ್ಲ. ಅಕ್ಷರ ಬಾರದವರೂ ಪದ ಕಲಿಯುವ ವ್ಯವಸ್ಥೆಯನ್ನು ಈ ನಾಡು ಬಹುಕಾಲ ಉಳಿಸಿಕೊಂಡು ಬಂದಿತ್ತು. ಮಳೆ ಬಾರದಿದ್ದಾಗ ಊರವರು ಸೇರಿ ವಿರಾಟಪರ್ವ ಓದಿಸುತ್ತಿದ್ದರು. ಅಲ್ಲಿ ಇಬ್ಬರು ಕೂರುತ್ತಿದ್ದರು: ಒಬ್ಬರು ರಾಗವಾಗಿ ವಾಚನ ಮಾಡುವವರು, ಇನ್ನೊಬ್ಬರು ವ್ಯಾಖ್ಯಾನ ಹೇಳುವವರು. ಪದ್ಯ ಮುಗಿದೊಡನೆ ವ್ಯಾಖ್ಯಾನಕಾರರು ಪದ ಬಿಡಿಸಿ, ಅರ್ಥ ಹೇಳಿ, ಸ್ವಾರಸ್ಯ ತೋರಿಸಿ, ಮತ್ತೆ ವಾಚನಕ್ಕೆ ದಾರಿ ಬಿಡುತ್ತಿದ್ದರು. ಗಮಕ ಕಲೆ ಇವತ್ತಿಗೂ ಹೀಗೇ ನಡೆಯುತ್ತದೆ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಾಡು ಗೌರವಿಸಿದ್ದು ಈ ಪರಂಪರೆಯನ್ನೇ. ತಾಳಮದ್ದಳೆಯಲ್ಲಿ ಭಾಗವತರ ಪದದ ಬೆನ್ನಿಗೆ ಅರ್ಥಧಾರಿಯ ಮಾತು ಬರುತ್ತದೆ. ರಾತ್ರಿಯಿಡೀ ಕೂತು ಕೇಳಿದ ಕೃಷಿಕ, ಮೀನುಗಾರ, ಬೀಡಿ ಕಟ್ಟುವವರು ಬೆಳಗಾಗುವ ಹೊತ್ತಿಗೆ ಹತ್ತು ಪದ ಹೆಚ್ಚು ಬಲ್ಲವರಾಗಿರುತ್ತಾರೆ. ತಟ್ಟಿದರೆ ಸಾಕು, ಅರ್ಥ ಬೇಡ ಎಂದು ಆ ಸಭೆಗಳಲ್ಲಿ ಯಾರಾದರೂ ಹೇಳಿದ್ದರೆ ವ್ಯಾಖ್ಯಾನಕಾರನ ಆಸನವೇ ಇರುತ್ತಿರಲಿಲ್ಲ.

ಕವಿಗಳೂ ಪದದ ಪಟ್ಟಿಯನ್ನು ಹಗೆಯೆಂದು ಕಂಡವರಲ್ಲ. ಗದಾಯುದ್ಧ ಬರೆದ ರನ್ನನ ಹೆಸರಿನಲ್ಲೇ ಒಂದು ನಿಘಂಟು ಇದೆ, ರನ್ನಕಂದ. 16ನೆಯ ಶತಮಾನದಲ್ಲಿ ಲಿಂಗಮಂತ್ರಿ ಹಳಗನ್ನಡದ ಪದಗಳಿಗೆ ಅರ್ಥ ಹೇಳುವ ಕಬ್ಬಿಗರ ಕೈಪಿಡಿ ಬರೆದ, ಅದನ್ನೂ ಪದ್ಯದಲ್ಲೇ ಬರೆದ, ಬಾಯಿಪಾಠಕ್ಕೆ ಅನುಕೂಲವಾಗಲೆಂದು.

ಜನರಿಗೆ ಕಷ್ಟದ ಪದ ಬೇಡ ಎಂಬುದೂ ಸುಳ್ಳು ಎನ್ನಲು ಮಂಕುತಿಮ್ಮನ ಕಗ್ಗವೇ ಸಾಕ್ಷಿ. 1943ರಲ್ಲಿ ಬಂದ ಡಿ.ವಿ.ಜಿ.ಯವರ ಈ ಪುಸ್ತಕದ ಭಾಷೆ ಸುಲಭದ್ದಲ್ಲ. ಹಳಗನ್ನಡದ ರೂಪಗಳಿವೆ, ವೇದಾಂತದ ಪರಿಭಾಷೆಯಿದೆ. ಆದರೂ ಅದು ಮನೆಮನೆಗೆ ಹೋಗಿದೆ. ವ್ಯಾಖ್ಯಾನದ ಪುಸ್ತಕಗಳು ಸಾಲುಸಾಲಾಗಿ ಬಂದಿವೆ, ಊರೂರಿನಲ್ಲಿ ಕಗ್ಗದ ಉಪನ್ಯಾಸಗಳು ನಡೆಯುತ್ತವೆ. ಅರ್ಥ ಹೇಳುವವರು ಸಿಕ್ಕರೆ ಜನ ಕಷ್ಟದ ಪದದಿಂದ ಓಡಿಹೋಗುವುದಿಲ್ಲ. ಓಡಿಹೋಗುತ್ತಾರೆಂದು ಅವರ ಪರವಾಗಿ ತೀರ್ಮಾನ ಮಾಡುವವರು ಬೇರೆ ಯಾರೋ.

ಕಲಿಯಬೇಕಾದ್ದು ಎಷ್ಟು ಎಂಬ ಭಯವನ್ನೂ ಉತ್ಪ್ರೇಕ್ಷೆ ಮಾಡಿ ಹಬ್ಬಿಸಲಾಗಿದೆ. ಹಳಗನ್ನಡದ ಎಷ್ಟೋ ಪದಗಳು ಒಂದೇ ಒಂದು ನಿಯಮ ತಿಳಿದರೆ ತಾವಾಗಿಯೇ ತೆರೆದುಕೊಳ್ಳುತ್ತವೆ: ಪದದ ಮೊದಲ ಪಕಾರ ಹಕಾರವಾಯಿತು. ಪಾಲ್ ಹಾಲು, ಪುಲಿ ಹುಲಿ, ಪಗಲ್ ಹಗಲು, ಪೆಣ್ ಹೆಣ್ಣು, ಪೊನ್ ಹೊನ್ನು, ಪಾಡು ಹಾಡು. ತದ್ಭವಕ್ಕೂ ಹೀಗೆಯೇ ಕೆಲವು ದಾರಿಗಳು: ವಕಾರ ಬಕಾರವಾಗಿ ವನ ಬನ, ವರ್ಣ ಬಣ್ಣ, ಯಕಾರ ಜಕಾರವಾಗಿ ಯೋಗಿ ಜೋಗಿ, ಯಮ ಜವ, ಶಕಾರ ಸಕಾರವಾಗಿ ಶಶಿ ಸಸಿ. ಇವಿಷ್ಟು ಒಂದು ವಾರದ ಪಾಠ. ಆಮೇಲೆ ಉಳಿಯುವುದು ಕವಿಗಳು ಮತ್ತೆ ಮತ್ತೆ ತರುವ ಪದಗಳು. ಹೂವಿನ ಸುತ್ತ ನನೆ, ಮುಗುಳ್, ಅಲರ್, ಎಸಳ್, ತುಂಬಿ. ಒಲವಿನ ಸುತ್ತ ಬೇಟ, ಕೂರ್ಮೆ, ನಲ್ಲ, ಸುಯ್. ಹೀಗೆ ವಿಷಯವಾರು ಕಲಿತರೆ ಒಂದು ಪದ ಇನ್ನೊಂದನ್ನು ಎಳೆದು ತರುತ್ತದೆ. ಒಂದು ಕವಿಯಲ್ಲಿ ಕಲಿತದ್ದು ಹತ್ತು ಕವಿಗಳಲ್ಲಿ ಕೈಹಿಡಿಯುತ್ತದೆ.

ಸಾಧನಗಳ ಕೊರತೆಯೂ ಇಲ್ಲ. ಕಿಟೆಲ್ ನಿಘಂಟು 1894ರಿಂದ ಇದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಪದಗಳಿಗೆ ಕಾವ್ಯದಿಂದಲೂ ಶಾಸನದಿಂದಲೂ ಪ್ರಯೋಗಗಳನ್ನು ಕೊಡುತ್ತದೆ. ಪಂಪನಿಗೆ ಡಿ.ಎಲ್. ನರಸಿಂಹಾಚಾರ್ಯರ ಪಂಪಭಾರತ ದೀಪಿಕೆ ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ‘ಅಲರ್’ ನಿಘಂಟು ಮೊಬೈಲಿನಲ್ಲೇ ಉಚಿತವಾಗಿ ಸಿಗುತ್ತದೆ. ಇಷ್ಟೆಲ್ಲ ಕೈಯಳತೆಯಲ್ಲಿರುವಾಗ ಪದ ಕಲಿಯಬೇಡಿ ಎನ್ನುವುದು ಈ ಹಿರಿಯರ ದುಡಿಮೆಗೆ ಮಾಡುವ ಅಗೌರವ.

ರಸ ಆರಿಹೋಗುತ್ತದೆ ಎಂಬ ಕೊನೆಯ ಮಾತಿಗೂ ಉತ್ತರ ಹೇಳುತ್ತೇನೆ. ಮೊದಲ ಓದಿನಲ್ಲಿ ನಿಘಂಟು ತಡೆಯುತ್ತದೆ, ಹೌದು. ಆದರೆ ಕಾವ್ಯ ಒಂದೇ ಓದಿಗೆ ಬರೆದದ್ದಲ್ಲ. ಮೊದಲು ಕಿವಿಗೆ ಬೀಳುವಂತೆ ಗಟ್ಟಿಯಾಗಿ ಓದಿ. ಎರಡನೆಯ ಓದಿನಲ್ಲಿ ಪದ ಬಿಡಿಸಿ. ಮೂರನೆಯ ಓದಿನಲ್ಲಿ ನಿಘಂಟು ಮುಚ್ಚಿ ಮತ್ತೆ ಗಟ್ಟಿಯಾಗಿ ಓದಿ. ಆಗ ನಾದವೂ ಅರ್ಥವೂ ಒಟ್ಟಿಗೆ ಬರುತ್ತವೆ. ರಸ ಹುಟ್ಟುವುದೇ ಅಲ್ಲಿ. ಎರಡನೆಯ ಓದಿಗೆ ಹೆದರಿ ಮೊದಲನೆಯದರಲ್ಲೇ ನಿಂತವರು ರಸದ ಹೆಸರು ಹೇಳಿ ಸೋಮಾರಿತನಕ್ಕೆ ಮರ್ಯಾದೆ ತಂದುಕೊಡುತ್ತಿದ್ದಾರೆ.

ಆದ್ದರಿಂದ ನನ್ನ ಬೇಡಿಕೆ ಸ್ಪಷ್ಟ. ಪಠ್ಯದಿಂದ ಹಳೆಯ ಕಾವ್ಯವನ್ನು ಕೀಳಬೇಡಿ, ಮೂಲದ ಜಾಗದಲ್ಲಿ ಸಾರಾಂಶ ಇಡಬೇಡಿ. ಪ್ರತಿ ಪುಟದ ಕೆಳಗೆ ಪದದ ಅರ್ಥ ಕೊಡಿ. ಅದನ್ನು ಪರೀಕ್ಷೆಯ ಅಂಕಕ್ಕೆಂದು ಬಾಯಿಪಾಠ ಮಾಡಿಸದೆ ಪದ್ಯದೊಳಗೆ ಅದು ಮಾಡುವ ಕೆಲಸ ತೋರಿಸಿ. ಮೇಷ್ಟರಿಗೆ ಅದಕ್ಕೆ ಬೇಕಾದ ಸಮಯ ಕೊಡಿ. ಊರಿನ ಗ್ರಂಥಾಲಯದಲ್ಲಿ ಕಾದಂಬರಿಗಳ ಪಕ್ಕ ನಿಘಂಟಿಗೂ ಜಾಗವಿರಲಿ. ಸಾವಿರ ವರ್ಷದ ಕಾವ್ಯ ಕನ್ನಡದ ಪ್ರತಿ ಮಗುವಿನ ಪಿತ್ರಾರ್ಜಿತ. ಪದ ಕಲಿಸುವುದೆಂದರೆ ಆ ಆಸ್ತಿಯ ಪತ್ರವನ್ನು ಅದರ ಕೈಗೆ ಕೊಡುವುದು. ಇದು ನಿನಗೆ ಕಷ್ಟ, ಬೇಡ ಎಂದು ಅದರ ಪರವಾಗಿ ತೀರ್ಮಾನಿಸುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ.